ನಡೆಗೆ ನುಡಿಯ ಬೆಂಗಾವಲು

ಕನ್ನಡದ 'ನಡೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕಾಲೂರಿ ಮುಂದಕ್ಕೆ ಸಾಗುವುದೂ ನಡೆ; ಬಾಳಿನಲ್ಲಿ ಆಚರಿಸಿ ತೋರುವುದೂ ನಡೆ. 'ನಡೆ-ನುಡಿ' ಎಂಬ ಜೋಡುಪದದಲ್ಲಿ ಎರಡನೆಯ ಅರ್ಥವೇ ಪ್ರಸಿದ್ಧವಾಗಿದೆ. ಪ್ರಸ್ತುತ ಲೇಖನವು ಮೊದಲನೆಯ ಅರ್ಥದ ನಡೆಗೆ ಸಂಬಂಧಿಸಿದ್ದು. ಹೊಲದ ಬದುವಿನಲ್ಲಿ, ಹೆದ್ದಾರಿಯ ಅಂಚಿನಲ್ಲಿ, ಬೆಟ್ಟದ ಕಾಲುದಾರಿಯಲ್ಲಿ ಒಬ್ಬರೇ ನಡೆಯುವವರ ಹಾಗೂ ಓಡುವವರ ಕ್ಷೇಮವೇ ಇಲ್ಲಿನ ವಿಚಾರ. ಆದರೆ ಈ ವಿಚಾರವನ್ನು ಬೆನ್ನಟ್ಟಿ ಹೋದವರು ಕೊನೆಗೆ ನುಡಿಯ ಬಳಿಗೇ ಬಂದು ನಿಲ್ಲುತ್ತಾರೆ.

ಹಳೆಯ ಕಾಲದ ಪಯಣಿಗರಿಗೆ 'ಬೆಂಗಾವಲು' ಇರುತ್ತಿತ್ತು. ಬೆನ್ ಮತ್ತು ಕಾವಲು ಎಂಬ ಎರಡು ಪದಗಳು ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ಈ ಪದ ಸಿದ್ಧಿಸಿದೆ. ಮನುಷ್ಯನ ಕಣ್ಣು ಮುಂದಿನದನ್ನು ಮಾತ್ರ ಕಾಣಬಲ್ಲದು. ಬೆನ್ನ ಹಿಂದಿನದನ್ನು ಇನ್ನೊಬ್ಬರು ಕಾಯಬೇಕು ಎಂಬ ಅನುಭವವೇ ಈ ಪದವನ್ನು ಹುಟ್ಟಿಸಿರಬೇಕು. ಒಬ್ಬರೇ ಹೊರಟವರಿಗೆ ಅಂಥ ಕಾವಲು ಯಾವುದು? ಮನೆಯಲ್ಲಿ ಅಥವಾ ಶಾಲೆಯಲ್ಲಿ ಅವರು ಆಡಿ ಬಿಟ್ಟುಹೋದ ಮಾತು ಎಂಬುದೇ ಇದಕ್ಕೆ ಉತ್ತರ. ಈ ಉತ್ತರವನ್ನು ಮುಂದೆ ಕ್ರಮವಾಗಿ ವಿವರಿಸಲಾಗಿದೆ.

1. ಒಂಟಿಯಾಗಿ ನಡೆಯುವವರು ಯಾರು?

ಸಂತೆಮರಹಳ್ಳಿ ತನ್ನ ಹೆಸರಿನಲ್ಲಿಯೇ ಸಂತೆಯನ್ನು ಹೊತ್ತ ಊರು. ಚಾಮರಾಜನಗರ, ಯಳಂದೂರು, ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯ ದಾರಿಗಳು ಇಲ್ಲಿ ಕೂಡುತ್ತವೆ. ಮೊದಲು 209 ಎಂಬ ಸಂಖ್ಯೆಯಿದ್ದು ಈಗ 948 ಆಗಿರುವ ರಾಷ್ಟ್ರೀಯ ಹೆದ್ದಾರಿಯು ಕೊಳ್ಳೇಗಾಲ, ಯಳಂದೂರುಗಳ ಕಡೆಯಿಂದ ಬಂದು, ಇಲ್ಲಿ ಹಾದು, ಚಾಮರಾಜನಗರದ ಮೂಲಕ ತಮಿಳುನಾಡಿನತ್ತ ಸಾಗುತ್ತದೆ. ಪೂರ್ವ ದಿಕ್ಕಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ. ಬಯಲೆಲ್ಲ ಕಬ್ಬು, ಬಾಳೆ, ಅರಿಸಿನಗಳ ಹೊಲಗಳು.

ಹಿಂದಿನವರು ಸಂತೆಗೆ ಗುಂಪಾಗಿ ಬಂದು ಗುಂಪಾಗಿಯೇ ಮರಳುತ್ತಿದ್ದರು. ಗಾಡಿಯ ಹಿಂದೆ ಗಾಡಿ, ಲಾಂದ್ರದ ಹಿಂದೆ ಲಾಂದ್ರ. ಬಸ್ಸು, ದ್ವಿಚಕ್ರ ವಾಹನಗಳು ಬಂದ ಮೇಲೆ ಗುಂಪಿನ ನಡಿಗೆ ಕಡಿಮೆಯಾಯಿತು. ಒಂಟಿ ನಡಿಗೆ ಮಾತ್ರ ಬೇರೆ ಬೇರೆ ಕಾರಣಗಳಿಂದ ಉಳಿಯಿತು. ನಸುಕಿನಲ್ಲಿ ಡೇರಿಗೆ ಹಾಲು ಒಯ್ಯುವ ಗೃಹಿಣಿ ಒಬ್ಬಳೇ ನಡೆಯುತ್ತಾಳೆ. ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬಂದಾಗ ಪಂಪ್‌ಸೆಟ್ಟು ಚಾಲೂ ಮಾಡಲು ರೈತ ಒಬ್ಬನೇ ತೋಟಕ್ಕೆ ಹೋಗುತ್ತಾನೆ. ವೈದ್ಯರ ಸಲಹೆಯಂತೆ ನಿವೃತ್ತ ಉಪಾಧ್ಯಾಯರು ಬೆಳಗಿನ ಜಾವ ಹೆದ್ದಾರಿಯ ಬದಿ ಹಿಡಿಯುತ್ತಾರೆ.

ಇವರೆಲ್ಲರ ಜೊತೆಗೆ ಇನ್ನೊಂದು ವರ್ಗವು ಈಚಿನ ವರ್ಷಗಳಲ್ಲಿ ಬೆಳೆದಿದೆ. ಪೊಲೀಸು, ಸೈನ್ಯಗಳ ಸೇವೆಯನ್ನು ಬಯಸುವ ತರುಣ ತರುಣಿಯರು ಕತ್ತಲಿರುವಾಗಲೇ ಎದ್ದು ಓಡುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರುಗಳನ್ನು 6 ನಿಮಿಷ 30 ಸೆಕೆಂಡುಗಳೊಳಗೆ, ಮಹಿಳೆಯರು 400 ಮೀಟರುಗಳನ್ನು 2 ನಿಮಿಷಗಳೊಳಗೆ ಓಡಿ ಮುಗಿಸಬೇಕು. ಬಡ ಮನೆಯ ಮಕ್ಕಳಿಗೆ ಈ ಕೆಲವು ನಿಮಿಷಗಳು ಇಡೀ ಸಂಸಾರದ ಭವಿಷ್ಯವನ್ನು ನಿರ್ಣಯಿಸುತ್ತವೆ. ಊರಿನಲ್ಲಿ ಓಟದ ಪಥವಿಲ್ಲದ ಕಡೆ ಅವರಿಗೆ ಹೆದ್ದಾರಿಯೇ ಮೈದಾನ. ಆದುದರಿಂದ 'ಒಬ್ಬರೇ ಹೋಗಬೇಡಿ' ಎಂಬ ಒಂದೇ ಮಾತಿನಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಹೋಗಲೇಬೇಕಾದವರು ಹೇಗೆ ಹೋಗಬೇಕೆಂದು ಹೇಳಿಕೊಡುವುದು ಹಿರಿಯರ ಹೊಣೆ.

2. ಪರಸೆಯ ಪಾಠ

ಈ ಹೊಣೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಪರಸೆಯನ್ನು ಗಮನಿಸಿದರೆ ಸಾಕು. ಹನೂರನ್ನು ದಾಟಿ, ತಾಳುಬೆಟ್ಟದ ಬುಡಕ್ಕೆ ಬಂದು, ಅಲ್ಲಿಂದ ಕಾಡಿನ ನಡುವೆ ಏರುವ ಈ ಹಾದಿಯಲ್ಲಿ ಸಾವಿರಾರು ಭಕ್ತರು ತಲೆತಲಾಂತರದಿಂದ ನಡೆದಿದ್ದಾರೆ. ಎಪ್ಪತ್ತೇಳು ಮಲೆಗಳ ಒಡೆಯನೆಂದು ಮಾದಪ್ಪನನ್ನು ಕೊಂಡಾಡುವ ಈ ಜನ ಮಲೆಯ ಗುಣವನ್ನು ಬಲ್ಲವರು.

ಪರಸೆಯ ನಡಿಗೆಯಲ್ಲಿ ಬರೆದಿಡದ ಕೆಲವು ನಿಯಮಗಳುಂಟು. ದಾರಿ ಬಲ್ಲ ಹಿರಿಯರೊಬ್ಬರು ಮುಂದೆ ಇರುತ್ತಾರೆ; ಗಟ್ಟಿಮುಟ್ಟಾದ ಇನ್ನೊಬ್ಬರು ಕೊನೆಯಲ್ಲಿ ಬರುತ್ತಾರೆ. ನಡೆಯಲಾರದ ಮುದುಕಿಯ ವೇಗವೇ ಗುಂಪಿನ ವೇಗ. ತಂಗುವ ಜಾಗ, ನೀರು ಸಿಗುವ ಜಾಗಗಳು ಮೊದಲೇ ಗೊತ್ತಿರುತ್ತವೆ. ಆಗಾಗ್ಗೆ ಒಬ್ಬರು 'ಉಘೇ' ಎಂದು ಕೂಗಿದರೆ ಉಳಿದವರು ದನಿಗೂಡಿಸುತ್ತಾರೆ. ಆ ಕೂಗು ಭಕ್ತಿಯ ಉದ್ಗಾರವೆಂಬುದು ನಿಜ. ಅದರ ಜೊತೆಗೆ ಅದು ಹಿಂದುಳಿದವರಿಗೆ ಗುಂಪಿನ ಜಾಡನ್ನು ತಿಳಿಸುತ್ತದೆ. ಮನುಷ್ಯರು ಬರುತ್ತಿದ್ದಾರೆಂಬುದನ್ನು ಕಾಡಿನ ಪ್ರಾಣಿಗಳಿಗೂ ಮುಂಚಿತವಾಗಿ ಸಾರುತ್ತದೆ.

ಈ ಬೆಟ್ಟಗಳಲ್ಲಿಯೇ ಬಾಳಿ ಬೆಳೆದ ಸೋಲಿಗರ ನಡಿಗೆಯಲ್ಲಿ ಮತ್ತೊಂದು ಪಾಠವಿದೆ. ಅವರು ಕಾಡಿನಲ್ಲಿ ನಡೆಯುವಾಗ ಕಣ್ಣು, ಕಿವಿ, ಮೂಗುಗಳನ್ನು ಒಟ್ಟಿಗೆ ದುಡಿಸುತ್ತಾರೆ. ಆನೆಯ ಹಸಿ ಲದ್ದಿ, ಆಗ ತಾನೆ ಮುರಿದ ಕೊಂಬೆ, ಮುಸುವದ ಎಚ್ಚರಿಕೆಯ ಕೂಗು, ಇವೆಲ್ಲ ಅವರಿಗೆ ಅಕ್ಷರಗಳು. ಅಪಾಯದ ಕುರುಹು ಕಂಡಾಗ ದಾರಿ ಬಿಟ್ಟು ಸುತ್ತಿ ಹೋಗುವುದರಲ್ಲಿ ಅವರಿಗೆ ಅವಮಾನವಿಲ್ಲ. ಪೇಟೆಯಿಂದ ಬಂದ ಚಾರಣಿಗನಾದರೋ ಕಿವಿಯಲ್ಲಿ ಹಾಡಿನ ತಂತಿ ಸಿಕ್ಕಿಸಿಕೊಂಡು, ಹೊರಟ ಮೇಲೆ ತುದಿ ಮುಟ್ಟದೆ ಹಿಂದಿರುಗಬಾರದೆಂಬ ಹಟದಿಂದ ನಡೆಯುತ್ತಾನೆ. ಇಬ್ಬರಲ್ಲಿ ಕಾಡನ್ನು ಓದಬಲ್ಲವರು ಯಾರೆಂಬುದು ಸ್ಪಷ್ಟ.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಗುಂಡ್ಲುಪೇಟೆಯ ಕಡೆಯ ಬಂಡೀಪುರವು 1973ರಿಂದಲೇ ಹುಲಿ ಯೋಜನೆಗೆ ಸೇರಿದೆ. ಇಂಥ ಕಾಡುಗಳಲ್ಲಿ ಅನುಮತಿಯಿಲ್ಲದೆ ಅಲೆಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಅನುಮತಿ ಪಡೆದು ಹೋಗುವವರ ಹೆಸರೂ ವೇಳೆಯೂ ಅರಣ್ಯ ಇಲಾಖೆಯವರಿಗೆ ತಿಳಿದಿರುತ್ತವೆ. ಕದ್ದು ನುಗ್ಗುವವನು ದಂಡವನ್ನು ತಪ್ಪಿಸಿಕೊಂಡೆನೆಂದು ಹಿಗ್ಗಬಹುದು. ವಾಸ್ತವವಾಗಿ ತನ್ನನ್ನು ಹುಡುಕಿ ಬರಬಹುದಾಗಿದ್ದವರನ್ನೇ ಅವನು ತಪ್ಪಿಸಿಕೊಂಡಿರುತ್ತಾನೆ.

3. ಒಂಟಿಯೆಂಬುದು ಬೇರೆ, ಅಜ್ಞಾತವೆಂಬುದು ಬೇರೆ

ಇಲ್ಲಿ ಒಂದು ಆಕ್ಷೇಪ ಏಳಬಹುದು. ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಒಬ್ಬಳೇ ನಡೆದಳಲ್ಲವೆ? ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಶಿವಮೊಗ್ಗ ಜಿಲ್ಲೆಯ ಒಂದು ಮೂಲೆಯಿಂದ ಬೀದರ್ ಜಿಲ್ಲೆಯ ಕಲ್ಯಾಣದವರೆಗೆ, ಅಲ್ಲಿಂದ ಮತ್ತೆ ಶ್ರೀಶೈಲದ ಕದಳಿಯವರೆಗೆ ಒಬ್ಬ ಹೆಣ್ಣುಮಗಳು ನಡೆದುದನ್ನು ಕೊಂಡಾಡುವ ಪರಂಪರೆಯವರು ಒಂಟಿ ನಡಿಗೆಯನ್ನು ಹೇಗೆ ಹಳಿಯಬಹುದು?

ಆಕ್ಷೇಪವು ನ್ಯಾಯವಾದದ್ದೇ. ಒಂಟಿ ನಡಿಗೆಯನ್ನು ಹಳಿಯುವುದು ಈ ಲೇಖನದ ಉದ್ದೇಶವೂ ಅಲ್ಲ. ಆದರೆ ಅಕ್ಕನ ಕಥೆಯನ್ನು ಎಚ್ಚರದಿಂದ ನೋಡಬೇಕು. ಆಕೆ ಕಲ್ಯಾಣವನ್ನು ಅರಸಿ ನಡೆದಳು; ಅಲ್ಲಿ ಶರಣರ ಸಂಗದಲ್ಲಿದ್ದಳು. ಶ್ರೀಶೈಲಕ್ಕೆ ಹೊರಡುವಾಗ ಆ ಶರಣರೆಲ್ಲರಿಂದ ಬೀಳ್ಕೊಂಡು ಹೊರಟಳೆಂದು ಪರಂಪರೆಯು ಹೇಳುತ್ತದೆ. ಎಂದರೆ ಆಕೆ ಎಲ್ಲಿಗೆ, ಯಾವ ಉದ್ದೇಶದಿಂದ ಹೋಗುತ್ತಿದ್ದಾಳೆಂಬುದು ಅನುಭವ ಮಂಟಪಕ್ಕೆ ತಿಳಿದಿತ್ತು. ಆಕೆ ಏಕಾಂಗಿಯಾಗಿದ್ದಳು, ಅಜ್ಞಾತಳಾಗಿರಲಿಲ್ಲ. ಈ ಎರಡು ಪದಗಳ ನಡುವಿನ ಅಂತರವೇ ಪ್ರಸ್ತುತ ವಿಷಯದ ತಿರುಳು. ಒಂಟಿಯಾಗಿ ಹೋಗುವುದು ದೋಷವಲ್ಲ. ಯಾರಿಗೂ ತಿಳಿಯದಂತೆ ಹೋಗುವುದು ದೋಷ.

ಈ ದೋಷದ ಫಲವೇನೆಂಬುದಕ್ಕೆ ಹೊರದೇಶದ ಒಂದು ನಿದರ್ಶನ ಲೋಕಪ್ರಸಿದ್ಧವಾಗಿದೆ. ಅಮೆರಿಕದ ಆರನ್ ರಾಲ್‌ಸ್ಟನ್ ಎಂಬ 27 ವರ್ಷದ ತರುಣ ಪರ್ವತಾರೋಹಣದಲ್ಲಿ ಪಳಗಿದವನು. 2003ರ ಏಪ್ರಿಲ್ 26ರಂದು ಯೂಟಾ ಸಂಸ್ಥಾನದ ಬ್ಲೂಜಾನ್ ಎಂಬ ಇಕ್ಕಟ್ಟಾದ ಕಮರಿಗೆ ಅವನು ಒಬ್ಬನೇ ಇಳಿದ. ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಬಂಡೆಯೊಂದು ಸರಿದು ಅವನ ಬಲಗೈಯನ್ನು ಗೋಡೆಗೆ ಅಮುಕಿ ಹಿಡಿಯಿತು. ಆ ಕಮರಿಗೆ ತನ್ನನ್ನು ಹುಡುಕಿಕೊಂಡು ಬರಲು ಯಾರಿಗೂ ಕಾರಣವಿಲ್ಲವೆಂಬುದು ಅವನಿಗೇ ಗೊತ್ತಿತ್ತು. ಸುಮಾರು 127 ಗಂಟೆಗಳ ಬಳಿಕ, ಬೇರೆ ದಾರಿ ಕಾಣದೆ, ತನ್ನಲ್ಲಿದ್ದ ಮೊಂಡು ಚೂರಿಯಿಂದ ತನ್ನ ಮುಂಗೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದು ಬದುಕಿಕೊಂಡ. ಅವನ ಧೈರ್ಯವನ್ನು ಲೋಕವು ಮೆಚ್ಚಿತು. ಆದರೆ ಹೊರಡುವ ಮುನ್ನ ಆಡಬಹುದಾಗಿದ್ದ ಒಂದು ವಾಕ್ಯದ ಬೆಲೆ ಎಷ್ಟೆಂಬುದನ್ನೂ ಆ ಘಟನೆಯೇ ಹೇಳುತ್ತದೆ.

ಕರ್ನಾಟಕದ ಒಂದು ಘಟನೆಯನ್ನು ಇದರ ಪಕ್ಕದಲ್ಲಿಡಬಹುದು. 2022ರ ಫೆಬ್ರವರಿ 20ರಂದು ಚಿಕ್ಕಬಳ್ಳಾಪುರದ ಸಮೀಪ, ನಂದಿಬೆಟ್ಟಕ್ಕೆ ಸೇರಿದ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಒಬ್ಬನೇ ಚಾರಣಕ್ಕೆ ಹೋಗಿದ್ದಾಗ ಕಾಲು ಜಾರಿ ಕಡಿದಾದ ಬಂಡೆಯ ಅಂಚಿಗೆ ಬಿದ್ದ. ಮೇಲೆ ಏರಲೂ ಕೆಳಗೆ ಇಳಿಯಲೂ ಆಗದ ಸ್ಥಳ. ಅವನ ಜಂಗಮವಾಣಿ ಕೆಲಸ ಮಾಡುತ್ತಿದ್ದುದರಿಂದ ತಾನಿರುವ ಜಾಗವನ್ನು ಪೊಲೀಸರಿಗೆ ತಿಳಿಸಲು ಸಾಧ್ಯವಾಯಿತು. ಅಂದೇ ವಾಯುಪಡೆಯ ಹೆಲಿಕಾಪ್ಟರು ಬಂದು ಅವನನ್ನು ಮೇಲೆತ್ತಿತು. ಇಬ್ಬರೂ ಒಂಟಿಗಳೇ. ಒಬ್ಬನ ನೆಲೆ ಇತರರಿಗೆ ತಿಳಿಯಿತು, ಇನ್ನೊಬ್ಬನದು ತಿಳಿಯಲಿಲ್ಲ. ಆದರೂ ಜಂಗಮವಾಣಿಯೊಂದನ್ನೇ ನಂಬುವುದು ಸಲ್ಲದು. ಅದು ಬಂಡೆಗೆ ಬಡಿದು ಒಡೆಯಬಹುದು. ಬೆಟ್ಟದ ಮರೆಯಲ್ಲಿ ಸಂಪರ್ಕ ಕಡಿಯಬಹುದು. ಮನೆಯಲ್ಲಿ ಆಡಿಟ್ಟ ಮಾತಿಗೆ ಅಂಥ ವಿಘ್ನಗಳಿಲ್ಲ.

4. 'ಹೋಗಿ ಬರುತ್ತೇನೆ' ಎಂಬ ಮಾತು

ಕನ್ನಡದ ಮನೆಗಳಲ್ಲಿ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಬರಿಯ 'ಹೋಗುತ್ತೇನೆ' ಅಮಂಗಳವೆಂದು ಹಿರಿಯರು ತಿದ್ದುತ್ತಾರೆ. ಈ ಚಿಕ್ಕ ವಾಕ್ಯದಲ್ಲಿ ಮರಳುವಿಕೆಯ ವಾಗ್ದಾನವಿದೆ. ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬ ಎರಡು ಸಂಗತಿಗಳು ಮಾತ್ರ ಅದರಲ್ಲಿಲ್ಲ.

ಇದಕ್ಕೆ ಇನ್ನೊಂದು ಪದ್ಧತಿಯೂ ಕಾರಣ. ಹೊರಟವರನ್ನು 'ಎಲ್ಲಿಗೆ?' ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಉಂಟು. ಅದಕ್ಕಾಗಿಯೇ ತಿಳಿದವರು 'ದೂರ ಹೊರಟಿರಾ?' ಎಂದು ಬಳಸಿ ಕೇಳುತ್ತಾರೆ. ನಂಬಿಕೆಯ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ಆದರೆ ಕೇಳುವವರ ಬಾಯನ್ನು ಸಂಪ್ರದಾಯವು ಕಟ್ಟಿರುವಾಗ ಹೇಳುವ ಹೊಣೆ ಹೊರಡುವವರ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಯಬಾರದು. ಕೇಳಿಸಿಕೊಳ್ಳದೆ ತಾವಾಗಿ ಹೇಳಿದರೆ ಶಕುನವೂ ಕೆಡದು, ಕ್ಷೇಮವೂ ಕೆಡದು.

ಹೇಳಬೇಕಾದ ಸಂಗತಿಗಳು ಐದು. ಎಲ್ಲಿಗೆ ಹೋಗುತ್ತಿರುವುದು ಎಂಬುದು ಮೊದಲನೆಯದು. ಯಾವ ದಾರಿಯಿಂದ ಎಂಬುದು ಎರಡನೆಯದು. ಏಕೆಂದರೆ ಒಂದೇ ಊರಿಗೆ ಹೆದ್ದಾರಿಯೂ ಉಂಟು, ಕಾಲುವೆಯ ಏರಿಯೂ ಉಂಟು. ಎಷ್ಟು ಹೊತ್ತಿಗೆ ಮರಳುವುದು ಎಂಬುದು ಮೂರನೆಯದು. ಮೈಮೇಲಿನ ಉಡುಪಿನ ಬಣ್ಣ, ಕೈಯಲ್ಲಿರುವ ಸಾಮಗ್ರಿ ನಾಲ್ಕನೆಯದು. ಹೇಳಿದ ಹೊತ್ತಿಗೆ ಬಾರದಿದ್ದರೆ ಮೊದಲು ಯಾರಿಗೆ ತಿಳಿಸಬೇಕು ಎಂಬುದು ಐದನೆಯದು. ಹೊರಟ ಮೇಲೆ ದಾರಿ ಬದಲಿಸಿದರೆ ಆ ಸುದ್ದಿಯನ್ನೂ ಮುಟ್ಟಿಸಬೇಕು.

ಕೇಳಿಸಿಕೊಂಡವರಿಗೂ ಧರ್ಮವೊಂದುಂಟು. ಹೇಳಿದ ಹೊತ್ತು ಮೀರಿದಾಗ 'ಬರುತ್ತಾನೆ ಬಿಡಿ' ಎಂದು ಕಾಲಹರಣ ಮಾಡಬಾರದು. ಹುಡುಕಲು ಹೊರಟ ಮೇಲೆ ಹುಡುಗನು ನಗುತ್ತ ಎದುರಾದರೆ ನಷ್ಟವೇನೂ ಇಲ್ಲ. ಹುಡುಕದೆ ಕಳೆದ ರಾತ್ರಿಯನ್ನು ಮರಳಿ ತರಲು ಮಾತ್ರ ಯಾರಿಂದಲೂ ಆಗದು. ಇದರಂತೆಯೇ, ಕ್ಷೇಮವಾಗಿ ಮರಳಿದವರು 'ಬಂದೆ' ಎಂದು ತಿಳಿಸುವುದನ್ನು ಮರೆತರೆ ಕಾದವರ ಮುಂದಿನ ಕಾಳಜಿ ಸಡಿಲವಾಗುತ್ತದೆ.

5. ಹಾದಿಯ ಅಪಾಯಗಳು, ಅವುಗಳ ಪರಿಹಾರ

ಮಾತು ಬೆನ್ನನ್ನು ಕಾಯುತ್ತದೆ. ಮುಂದಿನದನ್ನು ಕಣ್ಣೇ ಕಾಯಬೇಕು. ಈ ಸೀಮೆಯ ನಡಿಗೆಯಲ್ಲಿ ಒದಗಬಹುದಾದ ಮುಖ್ಯ ಅಪಾಯಗಳನ್ನು ಕ್ರಮವಾಗಿ ಹೇಳಬಹುದು.

ವಾಹನ: ಕಾಡುಮೃಗದ ಭಯ ದೊಡ್ಡದಾಗಿ ಕಂಡರೂ ದಿನನಿತ್ಯದ ಅಪಾಯ ವಾಹನದ್ದೇ. ಕರಿಕಲ್ಲು ಸಾಗಿಸುವ ಲಾರಿ, ಹಿಂದಿನ ದೀಪವಿಲ್ಲದ ಕಬ್ಬಿನ ಟ್ರಾಕ್ಟರು, ನಿದ್ದೆಗಣ್ಣಿನ ಚಾಲಕ, ಇವೆಲ್ಲ ಕೂಡುವ ವೇಳೆಯೇ ಓಟಗಾರರ ವೇಳೆ. ವಾಹನಗಳು ಎಡಬದಿಯಲ್ಲಿ ಚಲಿಸುವ ಈ ದೇಶದಲ್ಲಿ ಕಾಲುದಾರಿಯಿಲ್ಲದ ರಸ್ತೆಯಲ್ಲಿ ನಡೆಯುವವರೂ ಓಡುವವರೂ ಬಲಬದಿಯ ಅಂಚನ್ನು ಹಿಡಿಯಬೇಕು. ಆಗ ಹತ್ತಿರದ ವಾಹನವು ಎದುರಿನಿಂದಲೇ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಲು ಅವಕಾಶವಿರುತ್ತದೆ. ಕಪ್ಪು ಬಟ್ಟೆ ಬೇಡ. ಬಿಳಿಯ ಅಥವಾ ಬೆಳಕನ್ನು ಹಿಂದಿರುಗಿಸುವ ಪಟ್ಟಿಯುಳ್ಳ ಉಡುಪು, ಕೈಯಲ್ಲೊಂದು ದೀಪ ಇರಬೇಕು. ಎರಡು ಕಿವಿಗಳನ್ನೂ ಹಾಡಿಗೆ ಒಪ್ಪಿಸಿ ಓಡುವವನು ತನ್ನ ಕಾವಲುಗಾರರಿಬ್ಬರನ್ನು ತಾನೇ ಮನೆಗೆ ಕಳುಹಿಸಿದಂತೆ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಮುಟ್ಟಿಸಿದರೆ ಪೊಲೀಸು ಕಚೇರಿಗೆ ಅಲೆಯಬೇಕಾದೀತೆಂಬ ಅಂಜಿಕೆಯೂ ಈಗ ಬೇಡ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ.

ಚಿರತೆ: ಸಂತೆಮರಹಳ್ಳಿಯ ಉತ್ತರಕ್ಕಿರುವ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಾಲ್ವರು ಚಿರತೆಗೆ ಬಲಿಯಾದರು. ಇಬ್ಬರು ಕಾಲೇಜು ವಯಸ್ಸಿನ ತರುಣ ತರುಣಿ, ಒಬ್ಬರು ವೃದ್ಧೆ, ಒಬ್ಬ ಬಾಲಕ. ಆ ತಿಂಗಳುಗಳ ಶೋಕವನ್ನು ಈ ಸೀಮೆ ಮರೆಯಲಾರದು. ಅವರಾರೂ ಸಾಹಸಕ್ಕೆ ಹೊರಟವರಾಗಿರಲಿಲ್ಲ. ಚಿರತೆಯು ದಟ್ಟ ಕಾಡನ್ನೇ ಬಯಸುವ ಪ್ರಾಣಿಯಲ್ಲ. ಕಬ್ಬಿನ ಗದ್ದೆಯ ಮರೆ, ಊರನಾಯಿಯ ಆಹಾರ ಇದ್ದರೆ ಊರ ಪಕ್ಕದಲ್ಲಿಯೂ ಬಾಳಬಲ್ಲದು. ಮುಸ್ಸಂಜೆ, ರಾತ್ರಿ, ನಸುಕು ಅದರ ಸಂಚಾರದ ವೇಳೆ. ಆದುದರಿಂದ ಅಂಥ ಹೊತ್ತಿನಲ್ಲಿ ಕಬ್ಬು ಬೆಳೆದ ಒತ್ತುದಾರಿಯಲ್ಲಿ ಒಬ್ಬರೇ ಹೋಗಬಾರದು. ಹೋಗಲೇಬೇಕಾದರೆ ದೀಪ, ಕೋಲು, ಗಟ್ಟಿಯಾದ ಮಾತು ಜೊತೆಗಿರಬೇಕು. ಚಿರತೆ ಎದುರಾದರೆ ಬೆನ್ನು ತಿರುಗಿಸಿ ಓಡಬಾರದು, ಬಾಗಬಾರದು, ಕುಳಿತುಕೊಳ್ಳಬಾರದು. ನೆಟ್ಟಗೆ ನಿಂತು, ಕೈಗಳನ್ನು ಮೇಲೆತ್ತಿ ದೊಡ್ಡದಾಗಿ ಕಾಣುತ್ತ, ಕೂಗುತ್ತ, ಮುಖ ಅದರ ಕಡೆಗೇ ಇದ್ದಂತೆ ಮೆಲ್ಲನೆ ಹಿಂದೆ ಸರಿಯಬೇಕು. ಮಕ್ಕಳಿದ್ದರೆ ಎತ್ತಿಕೊಳ್ಳಬೇಕು.

ಆನೆ: ಆನೆಯ ವಿಷಯದಲ್ಲಿ ದೂರವೊಂದೇ ಔಷಧ. ಅದರ ಮೂಗೂ ಕಿವಿಯೂ ಬಹು ಚುರುಕು. ಓಟದಲ್ಲಿ ಮನುಷ್ಯ ಅದನ್ನು ಮೀರಲಾರ. ಕಂಡ ಕೂಡಲೇ ಸದ್ದಿಲ್ಲದೆ ಬಂದ ದಾರಿಯಲ್ಲಿ ಹಿಂದಿರುಗಬೇಕು. ಚಿತ್ರ ತೆಗೆಯುವ ಚಪಲ ಹಲವರ ಪ್ರಾಣಕ್ಕೆ ಎರವಾಗಿದೆ. ಮರಿಯಿರುವ ಹಿಂಡು, ಒಂಟಿ ಸಲಗ, ಇವೆರಡಕ್ಕೂ ಇನ್ನೂ ಹೆಚ್ಚು ದೂರ ಬೇಕು.

ಹಾವು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳಿಂದಲೇ ಹಾವುಕಡಿತದ ಬಹುಪಾಲು ಸಾವುಗಳು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಕಾಲಿಗೆ ಮುಚ್ಚಿದ ಪಾದರಕ್ಷೆ, ಕೈಯಲ್ಲಿ ದೀಪ, ನೆಲವನ್ನು ತಟ್ಟುವ ಕೋಲು, ಈ ಮೂರು ಇದ್ದರೆ ಅಪಾಯ ಬಹಳಷ್ಟು ಕಡಿಮೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ತಪ್ಪು. ಉಂಗುರ, ಕಾಲ್ಗಡಗಗಳನ್ನು ತೆಗೆದು, ಕಚ್ಚಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಮಂತ್ರವಾದಿಯ ಬಾಗಿಲಲ್ಲಿ ಕಳೆದ ಗಂಟೆಯೇ ಎಷ್ಟೋ ವೇಳೆ ಪ್ರಾಣವನ್ನು ಕಳೆಯುತ್ತದೆ.

ನಾಯಿ: ಬೀದಿನಾಯಿ ಬೆನ್ನಟ್ಟಿದಾಗ ಓಟಗಾರರು ಓಟವನ್ನು ನಿಲ್ಲಿಸಿ ನಿಶ್ಚಲವಾಗಿ ನಿಂತು, ಮೆಲ್ಲನೆ ಸರಿಯಬೇಕು. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಆರಂಭಿಸಬೇಕು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅತಿ ದುರ್ಲಭ.

ಸಿಡಿಲು: ಮುಂಗಾರಿಗೆ ಮೊದಲಿನ ಮಳೆಯ ದಿನಗಳಲ್ಲಿ ಗುಡುಗು ಕೇಳಿಸಿತೆಂದರೆ ಬಯಲನ್ನು ಬಿಟ್ಟು ಗಟ್ಟಿ ಕಟ್ಟಡದೊಳಗೆ ಸೇರಬೇಕು. ಒಂಟಿ ಮರದ ಬುಡವು ಮಳೆಗೆ ಆಸರೆ, ಸಿಡಿಲಿಗೆ ಆಹ್ವಾನ. ಸಿಡಿಲಿನ ಮುನ್ಸೂಚನೆ ನೀಡುವ 'ದಾಮಿನಿ' ಎಂಬ ಸರ್ಕಾರಿ ಆ್ಯಪ್ ಜಂಗಮವಾಣಿಯಲ್ಲಿಯೇ ದೊರೆಯುತ್ತದೆ.

ಇವೆಲ್ಲಕ್ಕೂ ಪೂರಕವಾಗಿ ಒಂದು ಚೀಟಿ ಜೇಬಿನಲ್ಲಿರಲಿ: ಹೆಸರು, ಊರು, ರಕ್ತದ ಗುಂಪು, ಸೇವಿಸುವ ಔಷಧ, ಮನೆಯವರ ದೂರವಾಣಿ ಸಂಖ್ಯೆ. ವಯಸ್ಸಾದವರು ಎದೆಯಲ್ಲಿ ನೋವು, ತಲೆಸುತ್ತು ಕಂಡರೆ 'ಇನ್ನೊಂದು ಸುತ್ತು' ಎನ್ನದೆ ಅಲ್ಲಿಯೇ ಕುಳಿತು ಕರೆಮಾಡಬೇಕು. ಮಾತನಾಡಲು ಬಾಯಿ ಸೋತಾಗ ಚೀಟಿಯೇ ಮಾತನಾಡುತ್ತದೆ.

6. ಹೆಣ್ಣುಮಕ್ಕಳ ಹಾದಿ

ಅಪಾಯಗಳ ಪಟ್ಟಿಯನ್ನು ಓದಿದ ತಂದೆ ತಾಯಿಗಳಲ್ಲಿ ಕೆಲವರು ಸುಲಭವಾದ ಒಂದು ತೀರ್ಮಾನಕ್ಕೆ ಬರಬಹುದು: ಹೆಣ್ಣುಮಗಳನ್ನು ಹೊರಗೆ ಕಳುಹಿಸದಿದ್ದರಾಯಿತು. ಹೆಣ್ಣುಮಕ್ಕಳಿಗೆ ಮೃಗಕ್ಕಿಂತಲೂ ಮನುಷ್ಯರ ಭಯ ಹೆಚ್ಚೆಂಬುದು ನಾಚಿಕೆಯ ಸಂಗತಿಯಾದರೂ ಸತ್ಯ. ಆದರೆ ಬಾಗಿಲು ಹಾಕುವುದು ಅದಕ್ಕೆ ಉತ್ತರವಲ್ಲ. ಓಡದ ಹುಡುಗಿ ಆ 400 ಮೀಟರುಗಳನ್ನು ದಾಟುವುದಿಲ್ಲ. ದಾಟದಿದ್ದರೆ ಸಮವಸ್ತ್ರ ತೊಡುವುದಿಲ್ಲ. ಇತರ ಹೆಣ್ಣುಮಕ್ಕಳ ಹಾದಿಯನ್ನು ಕಾಯಬೇಕಾದವಳನ್ನೇ ಹೀಗೆ ಮನೆಯಲ್ಲಿ ಕೂಡಿಹಾಕಿದಂತಾಗುತ್ತದೆ. ಅಕ್ಕನನ್ನು ಪೂಜಿಸುವವರು ಅಕ್ಕನ ನಡಿಗೆಯನ್ನು ತಡೆಯುವುದು ನಡೆ ನುಡಿಗಳ ವಿರೋಧವೇ ಸರಿ.

ಆಕೆಗೆ ಮೂರು ಅನುಕೂಲಗಳನ್ನು ಒದಗಿಸಬೇಕು. ಸಾಧ್ಯವಾದಾಗ ಇಬ್ಬರು ಮೂವರು ಗೆಳತಿಯರು ಒಟ್ಟಿಗೆ ಓಡುವ ವ್ಯವಸ್ಥೆ, ಬೆಳಕು ಹರಿದ ಮೇಲಿನ ವೇಳೆ, ಜನ ಓಡಾಡುವ ಜಾಗ. ಪ್ರತಿದಿನ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಒಬ್ಬಳೇ ಹೋಗುವುದನ್ನು ಆಗಾಗ ಬದಲಿಸುವುದು ಲೇಸು. ಬದಲಿಸಿದ್ದನ್ನು ಮನೆಯಲ್ಲಿ ತಿಳಿಸುವುದು ಅಗತ್ಯ. ತುರ್ತು ನೆರವಿನ 112 ಎಂಬ ಸಂಖ್ಯೆ ನಾಲಗೆಯ ತುದಿಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಾರಿಯಲ್ಲಿ ಯಾರಾದರೂ ಪೀಡಿಸಿದರೆ ಅದನ್ನು ಮನೆಯಲ್ಲಿ ಹೇಳಿದಾಗ ಆಕೆಯ ಓಟವೇ ನಿಂತುಹೋಗುವುದಿಲ್ಲವೆಂಬ ಭರವಸೆ ಆಕೆಗಿರಬೇಕು. ಹೇಳಿದರೆ ಬಿಡಿಸಿಬಿಡುತ್ತಾರೆಂಬ ಭಯವಿರುವ ಕಡೆ ಮಕ್ಕಳು ಹೇಳುವುದನ್ನೇ ಬಿಡುತ್ತಾರೆ. ಅಲ್ಲಿಗೆ ಬೆಂಗಾವಲು ಮುರಿದುಬೀಳುತ್ತದೆ.

7. ಶಾಲೆಯೂ ದಾಸೋಹವೂ

ಮಠದ ಪ್ರಸಾದನಿಲಯಗಳಲ್ಲಿ ಓದಿದವರೆಲ್ಲರಿಗೂ ನೆನಪಿರುವ ದೃಶ್ಯವೊಂದುಂಟು. ಸಂಜೆಯ ಪ್ರಾರ್ಥನೆ ಮುಗಿದು ಪಂಕ್ತಿ ಕುಳಿತಾಗ ಒಂದು ತಟ್ಟೆ ಖಾಲಿಯಿದ್ದರೆ ಬಡಿಸುವವರ ಕೈ ಅಲ್ಲಿ ನಿಲ್ಲುತ್ತದೆ. 'ಈ ಹುಡುಗ ಎಲ್ಲಿ?' ಎಂಬ ಪ್ರಶ್ನೆ ಏಳುತ್ತದೆ. ದಾಸೋಹವೆಂದರೆ ಅನ್ನವನ್ನು ಬಡಿಸುವುದಷ್ಟೇ ಎಂದು ತಿಳಿಯಬಾರದು. ಯಾರು ಬಂದಿಲ್ಲವೆಂದು ಗಮನಿಸುವ ಕಣ್ಣೂ ಅದರ ಭಾಗ. ಒಂಟಿ ಪಯಣಿಗರಿಗೆ ಬೇಕಾದದ್ದು ಈ ಕಣ್ಣೇ.

ಯುರೋಪಿನ ಆಲ್ಪ್ಸ್ ಪರ್ವತಗಳ ತಂಗುಮನೆಗಳಲ್ಲಿ ಒಂದು ಪುಸ್ತಕವನ್ನು ಇಟ್ಟಿರುತ್ತಾರೆ. ಬಂದ ಚಾರಣಿಗರು ತಮ್ಮ ಹೆಸರು, ಬಂದ ದಿನ, ಮುಂದೆ ಹೋಗುವ ಸ್ಥಳಗಳನ್ನು ಅದರಲ್ಲಿ ಬರೆಯುತ್ತಾರೆ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ. ಅಂಥದೊಂದು ಪುಸ್ತಕವನ್ನು ಪ್ರತಿಯೊಂದು ಶಾಲೆಯೂ ಇಡಬಹುದು. ಖರ್ಚು ಒಂದು ನೋಟುಪುಸ್ತಕ, ಒಂದು ಲೇಖನಿ. ನಸುಕಿನಲ್ಲಿ ಓಡುವ ಹಿರಿಯ ವಿದ್ಯಾರ್ಥಿಗಳು, ರಜೆಯಲ್ಲಿ ಬೆಟ್ಟಕ್ಕೆ ಹೋಗುವ ತಂಡಗಳು, ಪರಸೆಗೆ ಹೊರಡುವ ಮಕ್ಕಳು ಅದರಲ್ಲಿ ಬರೆದು ಹೋಗಲಿ. ಮರಳಿ ಬಂದು ಗುರುತು ಹಾಕಲಿ. ದೈಹಿಕ ಶಿಕ್ಷಣದ ಉಪಾಧ್ಯಾಯರು ಪ್ರತಿದಿನ ಒಮ್ಮೆ ಅದನ್ನು ನೋಡಿದರೆ ಸಾಕು.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕಟ್ಟಡಗಳಿಗೆ ನೆರವಾಗುವುದು ಶ್ಲಾಘ್ಯ. ಅದರ ಜೊತೆಯಲ್ಲಿ ಆಟದ ಬಯಲಿಗೆ ಒಂದೆರಡು ದೀಪಗಳು, ಅಳತೆ ಹಾಕಿದ ಓಟದ ಪಥ, ಬೆಳಕು ಹೊಳೆಯುವ ಕೆಲವು ಅಂಗಿಗಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇವೂ ದಾನಕ್ಕೆ ಯೋಗ್ಯವಾದ ವಸ್ತುಗಳೇ. ಶಾಲೆಯ ಬಯಲಿನಲ್ಲಿ ದೀಪವಿದ್ದರೆ ಹೆದ್ದಾರಿಯ ಕತ್ತಲೆಗೆ ಮಕ್ಕಳು ಹೋಗುವುದಿಲ್ಲ.

ನಡೆಯುವವರಿಗೆ ಕಾಲಿನ ಬಲ ಬೇಕು, ಓಡುವವರಿಗೆ ಉಸಿರಿನ ಬಲ ಬೇಕು, ಇಬ್ಬರಿಗೂ ಹಿಂದಿನವರ ನೆನಪಿನ ಬಲ ಬೇಕು. ನಾಳೆಯ ನಸುಕಿನಲ್ಲಿ ಬಾಗಿಲು ತೆರೆದು ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಎಂದಿನ 'ಹೋಗಿ ಬರುತ್ತೇನೆ' ಎಂಬ ಮಾತಿಗೆ ಎರಡು ಸಂಗತಿಗಳನ್ನು ಕೂಡಿಸಲಿ: ಎಲ್ಲಿಗೆ, ಎಷ್ಟು ಹೊತ್ತಿಗೆ. ಒಳಗಿದ್ದವರು ಅದನ್ನು ಕಿವಿಗೊಟ್ಟು ಕೇಳಿ, ಆ ಹೊತ್ತಿಗೆ ಬಾಗಿಲ ಕಡೆ ನೋಡಲಿ. ಹೋದವರೆಲ್ಲರೂ ಬಂದು ಪಂಕ್ತಿ ತುಂಬಲಿ.